ಖಾಲಿ ಸೀಸೆಯ ಗೂನು

ಗಂಗಾವತಿಯ ಅಕ್ಕಿ ಗಿರಣಿಗಳ ನಡುವೆ ಹೊಸ ಪ್ರಯೋಗಾಲಯ ತೆರೆದಾಗ ರೇಣುಕಾದೇವಿಗೆ ಸಿಕ್ಕ ಮೊದಲ ಕೆಲಸವೆಂದರೆ, ಖಾಲಿ ಸೀಸೆಯಲ್ಲಿ ಏನೂ ಇಲ್ಲವೆಂದು ಸಾಬೀತು ಮಾಡುವುದು. ಸೀಸೆಯೊಳಗೆ ಏನಿದೆ ಎಂದು ಪತ್ತೆಹಚ್ಚುವ ಯಂತ್ರಕ್ಕೆ ಖಾಲಿ ಸೀಸೆ ಕೊಟ್ಟರೆ ಕಾಗದದ ಮೇಲೆ ಗೆರೆ ನೆಟ್ಟಗೆ ಬರಬೇಕು. ಕೋಣೆಯ ಗಾಳಿಯಲ್ಲಿ ಏನಾದರೂ ತೇಲುತ್ತಿದ್ದರೆ ಗೆರೆಗೆ ಗೂನು ಬೀಳುತ್ತದೆ. ಸೋಮವಾರ ಮಾನ್ಯತೆ ಕೊಡುವ ಅಧಿಕಾರಿ ಬರುವವರಿದ್ದರು. ಅಷ್ಟರೊಳಗೆ ಗೂನು ಇಳಿಯದಿದ್ದರೆ ಬಾಗಿಲಿಗೆ ಬೀಗ ಬೀಳುವುದೇ ಸೈ.

ರೇಣುಕಾದೇವಿ ಗೋಡೆಗೆ ಏಳು ನಿಯಮ ಅಂಟಿಸಿದ್ದಳು. ಊದಿನಕಡ್ಡಿ, ಕರ್ಪೂರ, ಪೌಡರು, ಸೆಂಟು, ಮಲ್ಲಿಗೆ, ಫಿನಾಯಿಲು, ಹೊಸ ಬಣ್ಣ, ಇವು ಯಾವುವೂ ಒಳಗೆ ಬರಕೂಡದು. ಮಾಲೀಕ ಗೋವಿಂದರಾಜ ಉದ್ಘಾಟನೆಯ ಪೂಜೆಯನ್ನು ರಸ್ತೆಯಾಚೆ ಟೈರ್ ಅಂಗಡಿಯ ಕಟ್ಟೆಯ ಮೇಲೆ ಮಾಡಿಸಿದ್ದ. ದೇವರು ತಕರಾರು ಮಾಡಲಿಲ್ಲ.

ಯಂತ್ರ ಮಾತ್ರ ದಿನಾ ಒಂದೇ ಹೆಸರು ಹೇಳುತ್ತಿತ್ತು: ನ್ಯಾಫ್ತಲೀನ್. ಅಂದರೆ ನುಸಿಗುಳಿಗೆ.

ಕಸ ಗುಡಿಸುವ ಹಮೀದಾಬಿ ಮೊದಲ ದಿನ ಕೈತೊಳೆಯುವ ಬೇಸಿನ್ನಿಗೆ ನಾಲ್ಕು ನುಸಿಗುಳಿಗೆ ಹಾಕಿದ್ದಳು. ಬೈಸಿಕೊಂಡು ಅಂದೇ ತೆಗೆದು ಎಸೆದಿದ್ದಳು. ಐದು ದಿನವಾದರೂ ಗೂನು ಇಳಿಯಲಿಲ್ಲ.

“ಮತ್ತ ಹಾಕೀರೇನು ಹಮೀದಾಬಿ?”

“ಖುದಾನ ಆಣಿ, ಇಲ್ರಿ ಮೇಡಂ. ಮುಂಜಾನಿ ಕಸ ಹೊಡಿಯಾಗ ವಾಸನಿ ಇರಂಗಿಲ್ಲ. ಹತ್ತರ ಮ್ಯಾಲ ಬರ್ತೈತಿ.”

ಹತ್ತಕ್ಕೆ ಏಸಿ ಹಾಕುತ್ತಿದ್ದರು. ರೇಣುಕಾದೇವಿ ಏಸಿ ಬಿಚ್ಚಿಸಿದಳು. ಒಳಗೆ ಹಲ್ಲಿಯ ಮೊಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಶುಕ್ರವಾರ ಅವಳು ವರದಿ ಪುಸ್ತಕದ ‘ಕಾರಣ’ ಎಂಬ ಖಾನೆಯಲ್ಲಿ ‘ಹಮೀದಾಬಿ’ ಎಂದು ಬರೆದಳು. ಅದನ್ನೋದಿದ ಗೋವಿಂದರಾಜ ಹಮೀದಾಬಿಗೆ, “ನಾಳಿಂದ ಬರಬ್ಯಾಡ್ರಿ,” ಎಂದ. ಗಂಡನಿಲ್ಲದ ಹೆಂಗಸು, ಈ ಕೆಲಸದ ಮೇಲೆಯೇ ಮನೆ ನಡೆಯಬೇಕು ಎಂಬುದು ರೇಣುಕಾದೇವಿಗೆ ಗೊತ್ತಿತ್ತು. ಆದರೂ ಖಾನೆಯಲ್ಲಿ ಬರೆದದ್ದನ್ನು ಅವಳು ಅಳಿಸಲಿಲ್ಲ.

ಶನಿವಾರ ಹಮೀದಾಬಿ ಇರಲಿಲ್ಲ. ಗೂನು ಇತ್ತು.

ಮಧ್ಯಾಹ್ನ ಹಮೀದಾಬಿ ಬಿಟ್ಟುಹೋಗಿದ್ದ ಬುತ್ತಿ ಡಬ್ಬಿ ಒಯ್ಯಲು ಬಂದು ಹೊಸ್ತಿಲಾಚೆಯೇ ನಿಂತಳು. ಮುಖ ತೋರಿಸಲು ನಾಚಿಕೆಯಾದರೂ ರೇಣುಕಾದೇವಿ ತಾನೇ ಡಬ್ಬಿ ಹಿಡಿದು ಹತ್ತಿರ ಹೋದಳು. ಹಮೀದಾಬಿ ಎರಡು ಸಲ ಉಸಿರೆಳೆದುಕೊಂಡಳು.

“ಮೇಡಂ, ಈ ಕೋಟು ಮನ್ಯಾಗ ಎಲ್ಲಿ ಇಡ್ತೀರಿ?”

ರೇಣುಕಾದೇವಿ ತಾನು ತೊಟ್ಟಿದ್ದ ಬಿಳಿ ಕೋಟನ್ನು ನೋಡಿಕೊಂಡಳು. ಮಗಳು ಬಿಳಿ ಕೋಟು ತೊಡುವ ನೌಕರಿ ಹಿಡಿದಳೆಂದು ಅವಳ ತಾಯಿ ಯಂಕವ್ವನಿಗೆ ಹಿಡಿಸಲಾರದ ಹಿಗ್ಗು. ದಿನಾ ಸಂಜೆ ಕೋಟನ್ನು ಮಡಚಿ, ಟ್ರಂಕಿನಲ್ಲಿ ತನ್ನ ಮದುವೆಯ ರೇಷ್ಮೆ ಸೀರೆಯ ಮೇಲೆ ಇಡುತ್ತಿದ್ದಳು. ಟ್ರಂಕಿನ ನಾಲ್ಕೂ ಮೂಲೆಗೆ ನುಸಿಗುಳಿಗೆ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದ ರೇಣುಕಾದೇವಿಗೆ ಅದೊಂದು ವಾಸನೆ ಎಂದೇ ಅನಿಸಿರಲಿಲ್ಲ. ಅವಳು ಕೆಲಸಕ್ಕೆ ಬರುತ್ತಿದ್ದುದು ಹತ್ತಕ್ಕೆ.

“ಹತ್ತರ ಮ್ಯಾಲ ಅಂತಷ್ಟ ಯಾಕ ಹೇಳಿದ್ರಿ?”

“ನೀವು ಬಂದ ಮ್ಯಾಲ ಅಂತ ಹೆಂಗ ಹೇಳ್ಲಿರಿ? ಆಗ ನೌಕರಿ ಇತ್ತು.”

ಕೋಟು ಹೊರಗೆ ಹೋಯಿತು, ಕಿಟಕಿಗಳು ತೆರೆದವು. ಭಾನುವಾರ ಗೆರೆ ನೆಟ್ಟಗೆ ಮಲಗಿತು. ‘ಕಾರಣ’ದ ಖಾನೆಯಲ್ಲಿ ಹಮೀದಾಬಿಯ ಹೆಸರು ಹೊಡೆದುಹಾಕಿ ರೇಣುಕಾದೇವಿ ತನ್ನ ಹೆಸರು ಬರೆದಳು, ಗೋವಿಂದರಾಜನಿಗೆ ಓದಿ ಹೇಳಿ, ತಾನೇ ಹೋಗಿ ಹಮೀದಾಬಿಯನ್ನು ಕರೆತಂದಳು. ಗೋಡೆಯ ಮೇಲೆ ಎಂಟನೆಯ ನಿಯಮ ಬಂತು: ‘ಯಾರೇ ಇರಲಿ, ಹಮೀದಾಬಿ ಮೂಸಿ ನೋಡಿದ ನಂತರವೇ ಒಳಗೆ ಬರತಕ್ಕದ್ದು.’

ಸೋಮವಾರ ಅಧಿಕಾರಿ ಅದನ್ನು ಎರಡು ಸಲ ಓದಿ ಹೊಸ್ತಿಲಲ್ಲಿ ನಿಂತರು. ಹಮೀದಾಬಿ ರೇಣುಕಾದೇವಿಯ ಮುಖ ನೋಡಿದಳು. ರೇಣುಕಾದೇವಿ ತಲೆಯಾಡಿಸಿದಳು.

“ಸೆಂಟು ಐತ್ರಿ ಸಾಹೇಬ್ರ,” ಎಂದಳು ಹಮೀದಾಬಿ. “ತೊಳಕೊಂಡು ಬರ್ರಿ.”

ಅವರು ತೊಳೆದುಕೊಂಡು ಬಂದರು.