ಮನೆಗೆ ಬಂದರೆ ಬರುವ ತಲೆನೋವು

ಊರು ಬಿಟ್ಟು ಬಂದ ಹೊಸದರಲ್ಲಿ ಯಾರಿಗೆ ತಲೆ ನೋಯುವುದಿಲ್ಲ ಹೇಳಿ? ನಿದ್ದೆ ಕೆಟ್ಟಿರುತ್ತದೆ, ಊಟ ಸೇರುವುದಿಲ್ಲ, ಫೋನಿನಲ್ಲಿ ಅಮ್ಮನ ದನಿ ಕೇಳಿದರೆ ಅಳು ಬರುತ್ತದೆ. ಹಾಗಾಗಿ ಮೆಕ್ಲಿತ್ ತಲೆನೋವು ಎಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದು ನನ್ನದೇ ತಪ್ಪು.

ಮೆಕ್ಲಿತ್ ಇಥಿಯೋಪಿಯಾದ ಜಿಮ್ಮಾದವಳು. ಜನವರಿಯಲ್ಲಿ ಟೊರೊಂಟೊಗೆ ಓದಲು ಬಂದು, ನಮ್ಮ ಬೀದಿಯ ಒಂದು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗೆ ಇದ್ದಳು. ನಾನೂ ಅದೇ ದೇಶದವಳು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ, ಆಸ್ಪತ್ರೆಯಲ್ಲಿ ನರ್ಸ್. ಹುಡುಗಿ ಬಂದ ಹತ್ತನೇ ದಿನ, ಭಾನುವಾರ ಮಧ್ಯಾಹ್ನ, ಕಾಫಿಗೆ ಕರೆದಳು.

ನಮ್ಮಲ್ಲಿ ಕಾಫಿ ಎಂದರೆ ಮೂರು ಬಟ್ಟಲು. ಮೂರನೆಯದು ಆಶೀರ್ವಾದದ್ದು. ಅದಕ್ಕೆ ಮುಂಚೆ ಎದ್ದರೆ ಮನೆಯವರಿಗೆ ಅವಮಾನ.

ಅವಳ ಕೋಣೆಯ ಕಿಟಕಿಗೆಲ್ಲ ಚಳಿಗೆಂದು ಪ್ಲಾಸ್ಟಿಕ್ ಹಾಳೆ ಅಂಟಿಸಿತ್ತು. ನೆಲದ ಮೇಲೆ ಪುಟ್ಟ ಅಗ್ಗಿಷ್ಟಿಕೆ, ಅದರಲ್ಲಿ ನಿಗಿನಿಗಿ ಕೆಂಡ, ಮೇಲೆ ಮಣ್ಣಿನ ಕಾಫಿ ಹೂಜಿ.

"ಇದೇನೇ, ಇದ್ದಿಲಾ? ಮನೆ ಒಳಗಾ?"

"ಮತ್ತೆ? ಕರೆಂಟ್ ಒಲೇಲಿ ಕಾಯಿಸಿದ್ದೂ ಒಂದು ಕಾಫಿನಾ ಯೆಶಿ ಅಕ್ಕ? ಒಂದು ವಾರದಿಂದ ದಿನಾ ಸಂಜೆ ಹಚ್ತಿದೀನಿ. ರೂಮೂ ಬೆಚ್ಚಗಿರುತ್ತೆ."

ನಾನು ಇನ್ನೇನೋ ಹೇಳುವಷ್ಟರಲ್ಲಿ ಬಟ್ಟಲು ಕೈಗೆ ಬಂತು. ಆ ಪರಿಮಳಕ್ಕೆ ನನ್ನ ಬಾಯಿಯೂ ಮುಚ್ಚಿತು.

"ತಲೆನೋವು ಹೇಗಿದೆ?" ಎಂದೆ.

"ಊರಿನ ನೆನಪು, ಬಿಡಿ. ಕ್ಲಾಸಲ್ಲಿ ಇರಲ್ಲ. ಮನೆಗೆ ಬಂದು ಕೂತ್ರೆ ಶುರು. ವಾಕರಿಕೆ ಬೇರೆ."

ಎರಡನೇ ಬಟ್ಟಲು ಮುಗಿಯುವ ಹೊತ್ತಿಗೆ ನನ್ನ ತಲೆಯೂ ಸಿಡಿಯತೊಡಗಿತು. ಇಪ್ಪತ್ತೆರಡು ವರ್ಷದ ಮೇಲೆ ನನಗೆ ದಿಢೀರನೆ ಊರಿನ ನೆನಪೇ? ತಲೆ ಎತ್ತಿ ನೋಡಿದೆ. ಮನೆಯ ಗಾಳಿ ಕೆಟ್ಟರೆ ಕೂಗುವ ಅಲಾರಂ ಇಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ; ಗೋಡೆಯ ಮೇಲೆ ಅದು ಇರಬೇಕಾದ ಜಾಗದಲ್ಲಿ ಎರಡು ತಿರುಪು ಮಾತ್ರ ಇದ್ದವು.

"ಇಲ್ಲಿದ್ದ ಅಲಾರಂ ಎಲ್ಲಿ?"

"ಆ ಪುಣ್ಯಾತ್ಮನಾ? ಮಂಗಳವಾರ ಒಂದೇ ಸಮನೆ ಬಡ್ಕೊಳ್ತಿತ್ತು. ಹೊಗೆ ಇಲ್ಲ, ವಾಸನೆ ಇಲ್ಲ. ಕೆಟ್ಟಿರ್ಬೇಕು ಅಂತ ಸೆಲ್ ಕಿತ್ತು ಡ್ರಾಯರ್‌ಗೆ ಹಾಕಿದೆ."

ನಾನು ಎದ್ದು ನಿಂತೆ. "ಏಳು, ಹೊರಗೆ ನಡಿ."

ಅವಳ ಮುಖ ಸಣ್ಣಗಾಯಿತು. "ಮೂರನೇದು ಇನ್ನೂ ಹಾಕೇ ಇಲ್ಲ ಅಕ್ಕ. ಅಷ್ಟು ಕೆಟ್ಟದಾಗಿತ್ತಾ?"

"ಕಾಫಿ ಚಿನ್ನದಂಗಿದೆ. ಗಾಳಿ ಕೆಟ್ಟಿದೆ. ನಡಿಯೇ!"

ಎದ್ದವಳು ಜೋಲಿ ಹೊಡೆದು ಗೋಡೆ ಹಿಡಿದಳು. ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. ಮೇಲಿನ ಮನೆಯ ಬಾಗಿಲು ಬಡಿದು ಅವರನ್ನೂ ಹೊರಗೆ ಕರೆದು, ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಮೆಕ್ಲಿತ್ ಹಿಮದಲ್ಲಿ ನಿಂತು ಅಳುತ್ತಿದ್ದಳು. ಹೆದರಿಕೆಗಲ್ಲ, ಅವಮಾನಕ್ಕೆ.

"ನಮ್ಮಮ್ಮ ಜೀವನ ಪೂರ್ತಿ ಇದ್ದಿಲಲ್ಲೇ ಮಾಡಿರೋದು. ಅವಳಿಗೇನಾಗಿದೆ?"

"ನಿಮ್ಮಮ್ಮ ಕಾಫಿ ಮಾಡೋವಾಗ ಬಾಗಿಲು ಮುಚ್ಚಿದ್ದು ನೋಡಿದೀಯಾ?"

ಅವಳು ಕಣ್ಣೊರೆಸಿಕೊಂಡಳು. "ಇಲ್ಲ. ಅಕ್ಕಪಕ್ಕದವರು ಬರ್ತಾನೇ ಇರ್ತಾರೆ."

"ಅದಕ್ಕೇ ಚೆನ್ನಾಗಿದಾರೆ. ಕೆಂಡದಿಂದ ಒಂದು ವಿಷಗಾಳಿ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದ್ಲು ತಲೆನೋವು, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದವರನ್ನ ನಾನು ನೋಡಿದೀನಿ."

ಅಗ್ನಿಶಾಮಕದವರು ಗಾಳಿ ಅಳೆಯುವ ಯಂತ್ರ ಹಿಡಿದು ಕೆಳಗಿಳಿದರು. ಎರಡೇ ಮೆಟ್ಟಿಲಿಗೆ ಅದು ಚೀರತೊಡಗಿತು. "ಇವತ್ತು ಈ ಹುಡುಗಿ ಇಲ್ಲೇ ಮಲಗಿದ್ದರೆ..." ಎಂದ ಒಬ್ಬ, ಅವಳ ಮುಖ ನೋಡಿ ಮಾತು ನಿಲ್ಲಿಸಿದ. ಮೆಕ್ಲಿತ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿಕೊಂಡರು.

ಮುಂದಿನ ಭಾನುವಾರ ಮತ್ತೆ ಕರೆದಳು. ಅಗ್ಗಿಷ್ಟಿಕೆ ಇರಲಿಲ್ಲ, ಅಲಾರಂ ಗೋಡೆಗೆ ಮರಳಿತ್ತು.

"ಕರೆಂಟ್ ಒಲೆ ಕಾಫಿ ಹೇಗಿದೆ ಅಕ್ಕ?"

"ಸುಮಾರು," ಎಂದೆ. "ಮೂರನೇದು ಹಾಕು."

ಅವಳಿಗೆ ಊರಿನ ನೆನಪು ಇನ್ನೂ ಹೋಗಿಲ್ಲ, ಒಮ್ಮೊಮ್ಮೆ ಅಳುತ್ತಾಳೆ. ಆದರೆ ಅದರಿಂದ ತಲೆ ನೋಯುವುದಿಲ್ಲವಂತೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ದೂರದೇಶದ ನೆಲಮಾಳಿಗೆಯಿರಲಿ, ನಿಮ್ಮದೇ ಮಲಗುವ ಕೋಣೆಯಿರಲಿ, ಬಾಗಿಲು ಕಿಟಕಿ ಮುಚ್ಚಿದ ಕಡೆ ಕೆಂಡ ಇಡಬೇಡಿ. ಮನೆಯೊಳಗೆ ಬರುವ ತಲೆನೋವು ಹೊರಗೆ ಹೋದರೆ ಬಿಡುತ್ತದೆಯೇ? ಅನುಮಾನಪಡಿ. ಅಲಾರಂ ಕೂಗಿದರೆ ಹೊಗೆ ಎಲ್ಲಿ ಎಂದು ಹುಡುಕುತ್ತಾ ನಿಲ್ಲದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ. ಅತಿಥಿ ಕೂತಿದ್ದರೂ ಸರಿ, ಬಟ್ಟಲು ತುಂಬಿದ್ದರೂ ಸರಿ. ಕಾಫಿ ಆರಿದರೆ ಮತ್ತೆ ಕಾಯಿಸಿಕೊಳ್ಳಬಹುದು.