ಮುಕುಕಾ ಅಜ್ಜನ ಟೋಪಿ

ತಿಯೆಸೆ ನಮ್ಮ ಹಳ್ಳಿಗೆ ಬಂದಿಳಿದ ದಿನ ಮುಕುಕಾ ಅಜ್ಜ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಟೋಪಿ ಎತ್ತಿ, ಉದ್ದಕ್ಕೆ ಒಮ್ಮೆ ಕೆಮ್ಮಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಇಲಿಗಳನ್ನೆಲ್ಲ ಒಳಗೆ ಹಾಕ್ಕೊಳ್ರಪ್ಪೋ, ಅಂಗೋನಿ ಹುಡುಗಿ ಬಂದವ್ಳೆ!"

"ಬರೋ ದಾರೀಲಿ ಒಂದು ಕೋತೀನೂ ಕಾಣ್ಲಿಲ್ಲ ಅಜ್ಜ," ಎಂದಳು ಅವಳು. ಚೀಲ ಇನ್ನೂ ಹೆಗಲಲ್ಲೇ ಇತ್ತು. "ಎಲ್ಲಾನೂ ನಿಮ್ಮ ಹೊಟ್ಟೆಗೇ ಹೋದ್ವಾ?"

ಜನ ಬಿದ್ದು ಬಿದ್ದು ನಕ್ಕರು. ಹುಡುಗಿ ಬದುಕಿಕೊಂಡಳು ಎಂದು ನನಗೆ ಸಮಾಧಾನವಾಯಿತು. ಬೆಂಬಾ ಜನರಾದ ನಮಗೂ ಮೂಡಣದ ಅಂಗೋನಿಗಳಿಗೂ ಹಳೆಯ ಯುದ್ಧದ ನೆಂಟಸ್ತನ. ಈಟಿ ಕೆಳಗಿಟ್ಟ ಮೇಲೆ ಇನ್ನು ಬಾಯಲ್ಲೇ ಬಡಿದಾಡೋಣ ಎಂದು ಹಿರಿಯರು ಮಾಡಿಕೊಂಡ ಏರ್ಪಾಡು. ಅವರು ಇಲಿ ತಿನ್ನುವವರೆಂದು ನಮ್ಮ ಗೇಲಿ, ನಾವು ಕೋತಿ ತಿನ್ನುವವರೆಂದು ಅವರ ಗೇಲಿ; ಅವರು ಏನೇ ಅಂದರೂ ನಾವು ಮುಖ ಊದಿಸಿಕೊಳ್ಳುವ ಹಾಗಿಲ್ಲ. ಸಾವಿನ ಮನೆಯಲ್ಲಂತೂ ಅದು ಬರೀ ತಮಾಷೆಯಲ್ಲ, ಕರ್ತವ್ಯ. ಬೆಂಬಾ ಸತ್ತರೆ ಅಂಗೋನಿ ಬಂದು ಹೆಣವನ್ನು ಗೇಲಿ ಮಾಡಿ, ಸತ್ತವನದೊಂದು ವಸ್ತು ಕಸಿದುಕೊಳ್ಳಬೇಕು. ಮನೆಯವರು ಏನಾದರೂ ಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕು.

ನಾನು ಇಲ್ಲಿಯ ನೀರಿನ ಯೋಜನೆಯ ಮೇಲ್ವಿಚಾರಕಿ, ಅಜ್ಜ ಬೋರ್‌ವೆಲ್ ಸಮಿತಿಯ ಅಧ್ಯಕ್ಷ. ತಿಯೆಸೆ ನಮ್ಮ ಬಳಿ ತರಬೇತಿಗೆ ಬಂದವಳು. ಆಫ್ರಿಕಾದ ಯುವ ಪದವೀಧರರಿಗೆಂದೇ ಇರುವ ವಿದ್ಯಾರ್ಥಿವೇತನ ಅವಳಿಗೆ ಸಿಕ್ಕಿತ್ತು. ಒಂದು ವರ್ಷ ಲುಸಾಕಾದಲ್ಲಿ ಅಭಿವೃದ್ಧಿ ಅಧ್ಯಯನದ ಎಂ.ಎ. ಪಾಠ, ಆಮೇಲೆ ಹಳ್ಳಿಯಲ್ಲಿ ತರಬೇತಿ. ಅದು ಸರಿಹೋದರೆ ಮಾತ್ರ ಎರಡನೇ ವರ್ಷ. ಇದಕ್ಕೆ ಮುಂಚೆ ಅವಳು ಪದವಿ ಕೈಲಿಟ್ಟುಕೊಂಡು ಚಿಪಾಟಾ ಸಂತೆಯಲ್ಲಿ ಟೊಮೆಟೊ ಗುಡ್ಡೆ ಹಾಕಿ ಮಾರುತ್ತಿದ್ದಳು.

"ಇದು ತಪ್ಪಿದ್ರೆ ಮತ್ತೆ ಟೊಮೆಟೊ ಗುಡ್ಡೇನೇ ಮ್ವಾಪೆ ಅಕ್ಕ," ಎನ್ನುತ್ತಿದ್ದಳು. ನಗುತ್ತಲೇ ಹೇಳಿದರೂ ಅವಳ ಕಣ್ಣು ನಗುತ್ತಿರಲಿಲ್ಲ.

ಅಜ್ಜನಿಗೂ ಅವಳಿಗೂ ದಿನಾ ಜಗಳ, ದಿನಾ ಊಟ ಒಟ್ಟಿಗೆ. "ನಾನು ಸತ್ತಾಗ ನೀನು ಬಂದು ಬೈಲಿಲ್ಲ ಅಂದ್ರೆ ಗುಂಡಿಗೇ ಇಳಿಯಲ್ಲ ನೋಡು," ಎಂದಿದ್ದ ಒಮ್ಮೆ. "ಕಾಲು ಹಿಡಿದು ಎಳೆದು ಹಾಕ್ತೀನಿ ಬಿಡಿ," ಎಂದಿದ್ದಳು ಅವಳು.

ಅಜ್ಜ ಸತ್ತದ್ದು ಎಂಥ ಹೊತ್ತಿನಲ್ಲಿ ಅಂತೀರಿ! ವಿದ್ಯಾರ್ಥಿವೇತನದ ಕಡೆಯಿಂದ ಡಾಕ್ಟರ್ ಸೆಗ್ವಾಬೆ ತಿಯೆಸೆಯ ಕೆಲಸ ನೋಡಲು ಬಂದ ದಿನವೇ. ಆಕೆ ಬೋಟ್ಸ್ವಾನಾದ ಹೆಂಗಸು, ಗಟ್ಟಿ ಇಸ್ತ್ರಿಯ ಬಟ್ಟೆ, ಅಳೆದು ತೂಗಿ ಮಾತು. ಹಳ್ಳಿಯವರನ್ನು ಆಡಿಕೊಂಡ ಒಬ್ಬ ವಿದ್ಯಾರ್ಥಿಯನ್ನು ಹೋದ ವರ್ಷ ಮನೆಗೆ ಕಳಿಸಿದೆ ಎಂದು ಜೀಪಿನಲ್ಲೇ ನಮ್ಮಿಬ್ಬರಿಗೂ ಹೇಳಿದ್ದರು. ಊರೆಲ್ಲ ಸಾವಿನ ಮನೆಯಲ್ಲಿತ್ತು. ನಾವೂ ಅಲ್ಲಿಗೇ ಹೋದೆವು.

ಚಿಬೇಸಾ ಅಜ್ಜಿ ಗಂಡನ ತಲೆಯ ಬಳಿ ಕೂತಿದ್ದಳು. ಸುತ್ತಲಿನ ಹೆಂಗಸರೆಲ್ಲ ಗೋಳಾಡುತ್ತಿದ್ದರೂ ಅವಳ ಕಣ್ಣಲ್ಲಿ ನೀರಿಲ್ಲ. ಒಂದು ತುತ್ತೂ ಮುಟ್ಟಿರಲಿಲ್ಲವಂತೆ. ತಿಯೆಸೆ ತಲೆಗೆ ವಸ್ತ್ರ ಕಟ್ಟಿ, ಮೂಲೆಯಲ್ಲಿ ಕೈಮುಗಿದು ಕೂತಳು. ಅಜ್ಜಿ ಅವಳನ್ನೇ ನೋಡಿದಳು. ನಾನು ಹುಡುಗಿಯ ತೊಡೆ ಚಿವುಟಿದೆ.

"ಏಳೇ!"

"ಬೇಡ ಅಕ್ಕ. ಡಾಕ್ಟ್ರು ನೋಡ್ತಾ ಇದಾರೆ. ಆಮೇಲೆ ಮಾಡ್ತೀನಿ."

"ಯಾವಾಗ, ಹೂತ ಮೇಲಾ?"

ನನಗೆ ಮೈಯೆಲ್ಲ ಉರಿಯಿತು. ಆದರೆ ಟೊಮೆಟೊ ಗುಡ್ಡೆ ಹಾಕಬೇಕಾದವಳು ನಾನಲ್ಲವಲ್ಲ, ಸುಮ್ಮನಾದೆ.

ಗಂಡಸರು ಹೆಣ ಎತ್ತಲು ಬಂದರು. ಅಜ್ಜಿ ಕೈ ಅಡ್ಡ ಹಿಡಿದಳು.

"ಇರ್ರಪ್ಪ. ನಮ್ಮ ಅಂಗೋನಿ ಇನ್ನೂ ಬಂದಿಲ್ಲ."

ತಿಯೆಸೆ ಕೂತಿದ್ದದ್ದು ಅವಳಿಗೆ ಮಾರು ದೂರದಲ್ಲಿ. ಹುಡುಗಿ ಒಂದು ಸಲ ಬಾಗಿಲ ಕಡೆ, ಅಲ್ಲಿ ನಿಂತ ಡಾಕ್ಟರ್ ಕಡೆ ನೋಡಿದಳು. ಆಮೇಲೆ ಎದ್ದಳು. ಗೋಡೆಯ ಮೊಳೆಯಿಂದ ಅಜ್ಜನ ಟೋಪಿ ಕಿತ್ತು ತಲೆಗೆ ಹಾಕಿಕೊಂಡು, ಥೇಟ್ ಅಜ್ಜನ ಹಾಗೆಯೇ ಉದ್ದಕ್ಕೆ ಕೆಮ್ಮಿದಳು.

"ಏ ಕೋತಿ ತಿನ್ನೋ ಮುದುಕ! ಪಂಪು ರಿಪೇರಿ ದಿನ ಬಂತು ಅಂತ ಮಲಗಿಬಿಟ್ಯಾ? ಕಳ್ಳ! ಕಾಡಲ್ಲಿ ಕೋತಿಗಳೆಲ್ಲ ಹಬ್ಬ ಮಾಡ್ತಾವೆ ಇವತ್ತು!" ಚಾಪೆಯ ಮೇಲೆ ಹೆಣದ ಪಕ್ಕದಲ್ಲೇ ಧೊಪ್ಪನೆ ಮಲಗಿದಳು. "ಕೋಳಿ ಕೊಡೋವರ್ಗೂ ಟೋಪಿ ಕೊಡಲ್ಲ, ತಿಳೀತಾ!"

ಅಜ್ಜಿಯ ಹೊಟ್ಟೆಯಿಂದ ನಗು ಉಕ್ಕಿ ಬಂತು. ನಗುನಗುತ್ತಲೇ ಅದು ಒಡೆದು ಅಳುವಾಯಿತು. ಹೆಂಗಸರು ಅವಳನ್ನು ತಬ್ಬಿಕೊಂಡರು. ಆಗ ಹೆಣ ಎತ್ತಿದರು.

ಡಾಕ್ಟರ್ ಸೆಗ್ವಾಬೆ ನನ್ನನ್ನು ಮಾವಿನ ಮರದ ಕೆಳಗೆ ಕರೆದರು. "ತಿಯೆಸೆ ಇವತ್ತೇ ನನ್ನ ಜೊತೆ ಹೊರಡಬೇಕು. ತರಬೇತಿ ಮುಗೀತು ಅಂತ ಹೇಳಿ."

ಇಲಿ-ಕೋತಿ ಬೈಗುಳದ ಅರ್ಥವನ್ನೂ ಅದರ ಹಿಂದಿನ ಪದ್ಧತಿಯನ್ನೂ ನಾನು ಬಿಡಿಸಿ ಬಿಡಿಸಿ ವಿವರಿಸಿದೆ.

"ಒಂದು ಜನ ಇನ್ನೊಂದು ಜನಾನ ಪ್ರಾಣಿ ಹೆಸರು ಹಿಡಿದು ಆಡಿಕೊಳ್ಳೋದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಾನು ಬೇರೆ ದೇಶದಲ್ಲಿ ಕಣ್ಣಾರೆ ನೋಡಿದೀನಿ, ಮ್ವಾಪೆ. ಅವರೂ ಮೊದಲು ಇದನ್ನ ತಮಾಷೆ ಅಂತಲೇ ಅಂದಿದ್ರು."

ಆಕೆ ಹೇಳಿದ್ದು ಸುಳ್ಳಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಡಾಕ್ಟರ್ ಅಜ್ಜಿಯ ಬಳಿ ಹೋಗಿ ಕ್ಷಮೆ ಕೇಳಿ, ಹುಡುಗಿಯನ್ನು ಇವತ್ತೇ ಕರೆದೊಯ್ಯುತ್ತೇನೆ ಎಂದರು. ಇಂಗ್ಲಿಷ್ ಮಾತನ್ನು ನಾನು ಬೆಂಬಾದಲ್ಲಿ ಹೇಳಿದೆ.

"ಕ್ಷಮೆನಾ? ಯಾತಕ್ಕೆ?" ಎಂದಳು ಅಜ್ಜಿ. "ಕರ್ಕೊಂಡು ಹೋಗ್ತೀನಿ ಅಂದ್ರೆ ಹೆಂಗಮ್ಮ? ನಮ್ಮ ಟೋಪಿ ಅವಳ ಹತ್ರ ಐತಲ್ಲ. ಕೋಳಿ ಕೊಟ್ಟು ಬಿಡಿಸ್ಕೋಬೇಕು. ನನ್ನ ಕೋಳಿ ಇನ್ನೂ ಕಾವಿಗೆ ಕೂತೈತೆ. ಮರಿ ಆಗ್ಲಿ, ದೊಡ್ಡದಾಗ್ಲಿ, ಆಮೇಲೆ ನೋಡಾಣ." ಡಾಕ್ಟರ್ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು: "ನಿನ್ನ ಗಂಡ ಇದಾನೇನವ್ವ?"

"ಇಲ್ಲ. ತೀರಿಕೊಂಡರು."

"ಅವತ್ತು ನಿನ್ನ ನಗಿಸಿದ್ದು ಯಾರು?"

ಇದನ್ನು ಹೇಳಲು ನಾನು ಹಿಂಜರಿದೆ. ಕೊನೆಗೆ ಹೇಳಿದೆ.

"ಯಾರೂ ಇಲ್ಲ," ಎಂದರು ಡಾಕ್ಟರ್. "ಎಲ್ಲರೂ ತುಂಬಾ ಗೌರವದಿಂದ ನಡ್ಕೊಂಡ್ರು."

ನಾನು ಬೆಂಬಾಕ್ಕೆ ತಿರುಗಿಸುವ ಮೊದಲೇ ಅಜ್ಜಿ ಆಕೆಯ ಕೈ ಹಿಡಿದು ಚಾಪೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡಳು. ಮುದ್ದೆಯ ತಟ್ಟೆ ಬಂತು. ಇಬ್ಬರೂ ಒಂದೇ ತಟ್ಟೆಯಲ್ಲಿ ಮುರಿದುಕೊಂಡರು. ಎರಡನೇ ತುತ್ತಿಗೆ ಡಾಕ್ಟರ್ ಅತ್ತರು.

ತಿಯೆಸೆ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಕಿವಿಗೆ ಬಿದ್ದು ಚೀಲ ಕಟ್ಟಿಕೊಂಡೇ ಬಂದಿದ್ದಳು. ತಲೆಯ ಮೇಲೆ ಟೋಪಿ ಹಾಗೇ ಇತ್ತು. ಡಾಕ್ಟರ್ ಕಣ್ಣೊರೆಸಿಕೊಂಡು ಅವಳನ್ನು ನೋಡಿದರು.

"ಚೀಲ ಒಳಗಿಡು ಹೋಗು," ಎಂದರು. "ಕೋಳಿ ದೊಡ್ಡದಾಗೋವರೆಗೂ ನೀನು ಎಲ್ಲೂ ಹೋಗೋ ಹಾಗಿಲ್ಲ."

ತಿಯೆಸೆ ಟೋಪಿ ಎತ್ತಿ ಅಜ್ಜನ ಹಾಗೆ ಕೆಮ್ಮಲು ಹೋದಳು. ಬಂದದ್ದು ಅಳು.