ಮೈನೆರೆಯದ ಕೈ

ಮುನವಳ್ಳಿಯ ಕಾಲುವೆ ಕೆಳಗಿನ ಹೊಲದಲ್ಲಿ ಮಡಿವಾಳೆಪ್ಪ ಕಂಪನಿಗಾಗಿ ಬೀಜದ ಹತ್ತಿ ಬೆಳೆಯತೊಡಗಿದ ಮೇಲೆ ಅವನ ಹೆಂಡತಿ ದೇವಕ್ಕನ ಮನೆಗೆ ಟಿವಿ ಬಂತು, ಅಂಗಳಕ್ಕೆ ಫರಸಿ ಕಲ್ಲು ಬಂತು, ಮಗಳು ಶೈಲಜಾ ಬಸ್ಸು ಹತ್ತಿ ಸವದತ್ತಿಯ ಹೈಸ್ಕೂಲಿಗೆ ಹೋಗತೊಡಗಿದಳು. ಹೊಲದ ತಗಡಿನ ಶೆಡ್ಡಿಗೆ ಮಳೆಗಾಲಕ್ಕೊಮ್ಮೆ ಬಡವರ ಮನೆಯ ಹುಡುಗಿಯರೂ ಬಂದರು. ಸಂಜೆ ಹತ್ತಿಯ ಮೊಗ್ಗು ಬಿಡಿಸಿಡುವುದು, ಬೆಳಿಗ್ಗೆ ಅದಕ್ಕೆ ಗಂಡು ಹೂವು ಸವರಿ ದಾರ ಕಟ್ಟುವುದು ಅವರ ಕೆಲಸ.

ಅದಕ್ಕೆ ಮೈನೆರೆಯದ ಹುಡುಗಿಯ ಕೈಯೇ ಆಗಬೇಕು, ಮುಟ್ಟಾಗುವವಳು ಹೂವು ಮುಟ್ಟಿದರೆ ಕಾಯಿ ಉದುರುತ್ತದೆ ಎಂಬುದು ಎಲ್ಲರ ನಂಬಿಕೆ. ಬೀಜದ ಹತ್ತಿಯ ಜೊತೆಗೇ ಊರಿಗೆ ಬಂದ ಈ ನಂಬಿಕೆಯನ್ನು ಜನ ಮುತ್ತಜ್ಜನ ಕಾಲದ್ದೆಂಬಂತೆ ಪಾಲಿಸುತ್ತಿದ್ದರು. ಚಿಕ್ಕವರಿಗೆ ದೊಡ್ಡವರಷ್ಟು ಕೂಲಿ ಕೊಡಬೇಕಿಲ್ಲ, ಅವರು ಎದುರು ಮಾತಾಡುವುದಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ದೇವಕ್ಕನೂ ಆಡಿದವಳಲ್ಲ.

ಆ ವರ್ಷ ಕಂಪನಿಯ ಏಜೆಂಟ ವಿರೂಪಾಕ್ಷ ಸಿರಸಂಗಿ ಕಡೆಯಿಂದ ರೇಣುವನ್ನು ಕರೆತಂದ. ಅವಳ ತಾಯಿ ಮರೆವ್ವ ಮುಂಗಡ ತೆಗೆದುಕೊಂಡಿದ್ದಳು. ಹಂಗಾಮು ಮುಗಿಯುವವರೆಗೆ ಹುಡುಗಿ ಮನೆಯ ಮುಖ ನೋಡುವಂತಿರಲಿಲ್ಲ.

ಪಂಚಮಿಗೆ ಮುಂಚೆ ಶೈಲಜಾ ಮೈನೆರೆದಳು. ದೇವಕ್ಕ ಮಗಳಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರನ್ನು ಕರೆದು ಆರತಿ ಮಾಡಿಸಿದಳು. ನೀರು ಹೊತ್ತು ತಂದ ರೇಣು ಬಾಗಿಲ ಹೊರಗೆ ನಿಂತು ಕಣ್ಣರಳಿಸಿ ನೋಡುತ್ತಿದ್ದಳು.

"ಅವ್ವಾರ, ನಾನೂ ಹಿಂಗ ದೊಡ್ಡಾಕಿ ಆದ್ರ?"

"ಆದ್ರ ಏನೈತಿ? ನಿನ್ನ ಮನಿಗೆ ಕಳಿಸಿ, ನಿನ್ನ ತಂಗಿ ದುರ್ಗೀನ ಕರಸ್ತಾರ," ಎಂದು ದೇವಕ್ಕ ನಗುತ್ತ ಅವಳ ಕೈಗೆ ಕೊಬ್ಬರಿ-ಬೆಲ್ಲ ಹಾಕಿದಳು. ರೇಣು ನಗಲಿಲ್ಲ.

ಅಂದು ಊಟಕ್ಕೆ ಕುಳಿತಾಗ ಶೈಲಜಾ ಮಾತು ತೆಗೆದಳು. "ಯಪ್ಪಾ, ಗಂಡು ಹೂವಿನ ಪುಡಿ ಹತ್ತಿದ್ರ ಕಾಯಿ ಆಗತೈತಿ. ಸವರೂ ಕೈ ಯಾರದಾದ್ರೇನು? ದುಡ್ಡು ಕೊಟ್ಟು ಹುಡುಗೂರ್ನ ಕಟ್ಟಿಹಾಕ್ಕೊಳ್ಳೂದಕ್ಕ ಜೀತ ಅಂತಾರ."

"ನಾಕ ಅಕ್ಷರ ಕಲ್ತು ನನಗ ಬುದ್ಧಿ ಹೇಳಾಕ ಬಂದ್ಲು!" ಮಡಿವಾಳೆಪ್ಪ ಗದರಿದ. "ನಮ್ಮ ಮನ್ಯಾಗ ರೊಟ್ಟಿ ತಿಂತಾವು. ಅವರ ಮನ್ಯಾಗ ಅದೂ ಇಲ್ಲ."

"ಸುಮ್ನಿರ, ಅಪ್ಪನ ಮುಂದ ವಾದ ಮಾಡಬ್ಯಾಡ," ಎಂದು ದೇವಕ್ಕ ಮಗಳ ಬಾಯಿ ಮುಚ್ಚಿಸಿದಳು.

ದಸರೆ ಸಮೀಪಿಸಿತ್ತು. ಹತ್ತಿಗೆ ಹುಳ ಬಿದ್ದು ವಾರವಾರವೂ ಔಷಧಿ ಹೊಡೆಯುತ್ತಿದ್ದರು. ಒಂದು ಬೆಳಿಗ್ಗೆ ಬುತ್ತಿ ತಂದ ದೇವಕ್ಕನಿಗೆ ರೇಣು ಸಾಲಿನ ನಡುವೆ ಬಿದ್ದಿರುವುದು ಕಂಡಿತು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ವಾಂತಿಯಾದ ಲಂಗ ಬದಲಿಸಲು ಶೆಡ್ಡಿಗೆ ಎತ್ತಿಕೊಂಡು ಹೋದಳು. ಲಂಗ ಬಿಚ್ಚಿದಾಗ ಒಳಗೆ ರಕ್ತದ ಬಟ್ಟೆ. ಆ ಬಟ್ಟೆ ಔಷಧಿಯ ವಾಸನೆ ಹೊಡೆಯುತ್ತಿತ್ತು.

"ಯಾವಾಗಿಂದ ಮುಟ್ಟಾಗಾಕತ್ತೀಯವಾ?"

"ಪಂಚಮಿ ಆದಾಗಿಂದ್ರಿ," ಎಂದಳು ರೇಣು, ಅರೆಗಣ್ಣು ತೆರೆದು.

"ಈ ಅರಬಿ ಎಲ್ಲಿ ಒಣಗಸ್ತಿದ್ದಿ?"

"ಹತ್ತಿ ಗಿಡದ ಬುಡಕ್ರಿ. ಅಂಗಳದಾಗ ಹಾಕಿದ್ರ ನಿಮಗ ತಿಳೀತಿತ್ತಲ್ರಿ." ಹುಡುಗಿ ದೇವಕ್ಕನ ಸೆರಗು ಹಿಡಿದಳು. "ಯಾರಿಗೂ ಹೇಳಬ್ಯಾಡ್ರಿ ಅವ್ವಾರ. ದುರ್ಗಿ ಭಾಳ ಸಣ್ಣಾಕಿ ಅದಾಳ."

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಸವದತ್ತಿಯ ದಾರಿ ಅರ್ಧ ಸವೆಯುವಷ್ಟರಲ್ಲಿ ರೇಣು ದೇವಕ್ಕನ ತೊಡೆಯ ಮೇಲೆ ಜೀವ ಬಿಟ್ಟಳು. ತಾನು ನಗುತ್ತ ಆಡಿದ ಒಂದು ಮಾತು ಈ ಮಗುವನ್ನು ವಿಷದಲ್ಲಿ ನೆನೆದ ಬಟ್ಟೆ ಕಟ್ಟಿಕೊಳ್ಳುವಂತೆ ಮಾಡಿತು ಎಂಬುದು ದೇವಕ್ಕನಿಗೆ ಆಗ ಹೊಳೆಯಿತು. "ತಾನ ಔಷಧಿ ಕುಡದಾಳಂತ ಹೇಳೂಣು," ಎಂದು ಟ್ರ್ಯಾಕ್ಟರ್ ನಿಲ್ಲಿಸಿದ ಮಡಿವಾಳೆಪ್ಪ ಮೆಲ್ಲಗೆ ಅಂದ. ಊರೂ ಹಾಗೆಯೇ ನಂಬಿತು.

ಮಣ್ಣು ಮಾಡಿ ಒಂದು ವಾರವೂ ಕಳೆದಿರಲಿಲ್ಲ. ವಿರೂಪಾಕ್ಷ ಮುಂಗಡ ತೀರಿಸಲೆಂದು ದುರ್ಗಿಯನ್ನು ತಂದು ಹೊಲದಲ್ಲಿ ಇಳಿಸಿದ. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಕಂಪನಿಯ ಸಾಹೇಬರ ಜೀಪೂ ಬಂತು. ಹುಡುಗಿಯನ್ನು ಗಡಿಬಿಡಿಯಿಂದ ಶೆಡ್ಡಿನೊಳಗೆ ದೂಡಿ ಚಿಲಕ ಹಾಕಿದರು. 'ಈ ಹೊಲದಲ್ಲಿ ಮಕ್ಕಳು ದುಡಿಯುವುದಿಲ್ಲ' ಎಂದು ಕಂಪನಿಯೇ ನೆಡಿಸಿದ್ದ ಬೋರ್ಡಿನ ನೆರಳಲ್ಲಿ ಸಾಹೇಬರು ಎಳನೀರು ಕುಡಿದರು. ಆಮೇಲೆ ಸಾಲುಗಳೊಳಗೆ ಹೋಗಿ ಕಾಯಿ ಮುಟ್ಟಿ ನೋಡಿದರು.

"ಈ ಸಾಲಿನ್ಯಾಗ ಭಾರಿ ಕಾಯಿ ಕಟ್ಯಾವು. ಯಾರು ಮಾಡಿದ್ದು?"

"ಎಲ್ಲಾ ದೊಡ್ಡ ಹೆಣ್ಣಾಳುಗಳರೀ ಸಾಹೇಬ್ರ," ಎಂದ ವಿರೂಪಾಕ್ಷ.

ದೇವಕ್ಕ ಶೆಡ್ಡಿನ ಚಿಲಕ ತೆಗೆದಳು. ದುರ್ಗಿಯ ಕೈ ಹಿಡಿದು ಸಾಹೇಬರ ಮುಂದೆ ತಂದು ನಿಲ್ಲಿಸಿದಳು.

"ಆ ಸಾಲು ಮಾಡಿದಾಕಿ ಈಕಿ ಅಕ್ಕ ರೇಣುರಿ. ಪಂಚಮಿಯಿಂದ ಮುಟ್ಟಾಗತಿದ್ಲು. ಒಂದ ಕಾಯಿ ಉದುರಿಲ್ಲ ನೋಡ್ರಿ. ಆಕೀನ ಮಾತ್ರ ಮಣ್ಣಾಗ ಇಟ್ಟು ಬಂದ್ವಿ. ಆಕಿ ಔಷಧಿ ಕುಡೀಲಿಲ್ಲ. ಔಷಧಿ ಹೊಡೆದ ನಿಮ್ಮ ಹತ್ತ್ಯಾಗ ಅಡಗಿಸಿ ಒಣಗಿಸಿದ ಅರಬಿ ಆಕೀನ ಕೊಂದೈತಿ."

ಸಾಹೇಬರು ಕನ್ನಡಕ ಒರೆಸಿದರು. "ನಮ್ಮ ವ್ಯವಹಾರ ಏಜೆಂಟರ ಜೋಡಿ ಅಷ್ಟರೀ ಅಕ್ಕಾರ. ಆಳು ಹಚ್ಚೂದು ಅವರಿಗೆ ಬಿಟ್ಟಿದ್ದು."

"ಆಳು ರೈತರದು," ಎಂದ ವಿರೂಪಾಕ್ಷ.

"ಕಂಪನಿ ಕೊಡೂ ರೇಟಿನ್ಯಾಗ ದೊಡ್ಡ ಆಳು ಹಚ್ಚಾಕ ಹೆಂಗ ಆಗತೈತಿ?" ಎಂದ ಮಡಿವಾಳೆಪ್ಪ.

"ಒಬ್ಬರದೂ ಅಲ್ಲ ಅಂದ್ರ ಕೊಂದಾವರು ಯಾರು? ನನ್ನ ಹೆಸರು ನಾ ಹೇಳತೇನಿ. ನಿಮ್ಮ ಹೆಸರು ನೀವು ಹೇಳ್ರಿ," ಎಂದಳು ದೇವಕ್ಕ. ಸಾಹೇಬರು ಜೀಪಿನ ಕಡೆ ನಡೆದರು. ಅವಳು ದುರ್ಗಿಯನ್ನು ಕರೆದುಕೊಂಡು ರಸ್ತೆಯ ಕಡೆಗೆ ಹೊರಟಳು.

"ಹೂ ಅರಳಿ ನಿಂತಾವ, ಯಾರು ಮಾಡಬೇಕ?" ಮಡಿವಾಳೆಪ್ಪ ಹಿಂದಿನಿಂದ ಕೂಗಿದ. "ಹೋದ್ರ ತಿರುಗಿ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ!"

"ಪೂರಾ ಕೂಲಿ ಕೊಟ್ಟು ದೊಡ್ಡಾವರನ್ನ ಕರೀರಿ. ಮುಂಗಡ ಅಂತ ಮರೆವ್ವನ ಬಾಗಲಿಗೆ ಯಾರರ ಹೋದ್ರ, ನಾ ಪೊಲೀಸ್ ಠಾಣೇಕ ಹೋಗತೇನಿ," ಎಂದಳು ದೇವಕ್ಕ. ತಿರುಗಿ ನೋಡಲಿಲ್ಲ.

ರಸ್ತೆ ಮುಟ್ಟುವವರೆಗೂ ದುರ್ಗಿ ಬಿಕ್ಕುತ್ತಲೇ ಇದ್ದಳು. ಬಸ್ಸು ಕಂಡೊಡನೆ ದೇವಕ್ಕನ ಕಾಲು ತಬ್ಬಿಕೊಂಡಳು.

"ನನ್ನ ಕಳಿಸಬ್ಯಾಡ್ರಿ ಅವ್ವಾರ. ಅವ್ವ ರೊಕ್ಕ ಎಲ್ಲಿಂದ ತರತಾಳ? ನನಗ ಇನ್ನಾ ಅದು ಆಗಿಲ್ರಿ. ಖರೇನ ಆಗಿಲ್ರಿ!"

ದೇವಕ್ಕ ಕಣ್ಣೀರು ತಡೆಯಲಾರದೆ ಮಗುವನ್ನು ಎತ್ತಿಕೊಂಡಳು. "ಆದಾಗ ನಾ ಕೊಬ್ಬರಿ-ಬೆಲ್ಲ ತಗೊಂಡು ನಿಮ್ಮನಿಗೆ ಬರತೇನಿ ಮಗಳ. ಈಗ ನಡಿ, ಓದು-ಬರಹ ಕಲಿಯಾಕ ಸಾಲಿಗೆ ಹೆಸರು ಹಚ್ಚೂಣು." ಬಸ್ಸು ನಿಂತಿತು. ಇಬ್ಬರೂ ಹತ್ತಿದರು.